ಭತ್ತದ ಮೇಲೆ ಬರೆದ ಮಗ್ಗಿ

ಬೇಯಿಸಿದ ಭತ್ತದ ವಾಸನೆ ಬಡಿದರೆ ಇವತ್ತಿಗೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಕಂಪ್ಲಿಯ ಅಕ್ಕಿ ಗಿರಣಿಯ ಅಂಗಳದಲ್ಲಿ ಚಿಗವ್ವ, ನನ್ನ ಅವ್ವನ ತಂಗಿ, ಬಿಸಿ ಭತ್ತವನ್ನು ಕಾಲಿನಿಂದ ತಿರುವಿ ಒಣಗಿಸುತ್ತಿದ್ದಳು. ಅದರ ಮೇಲೆ ನಾನು ದಿನಕ್ಕೊಂದು ಮಗ್ಗಿಯನ್ನು ಬೆರಳಿನಿಂದ ಬರೆಯಬೇಕಿತ್ತು.

"ಹದಿನೇಳರ ಮಗ್ಗಿ ಮುಗಿಸು. ಅಲ್ಲೀತನ ನಾ ಈ ಸಾಲು ತುಳಿಯಂಗಿಲ್ಲ," ಎನ್ನುತ್ತಿದ್ದಳು, ಓದು ಬಾರದ ಚಿಗವ್ವ.

ಗಣಿತಕ್ಕೆ ಬಹುಮಾನ ಬಂದ ಮಧ್ಯಾಹ್ನ ಶಾಲೆಯ ಸಭೆಯಲ್ಲಿ ಮಾಸ್ತರು ಚೀಟಿ ಕೊಟ್ಟು, "ಇದರಾಗ ಇದ್ದೋರಿಗಷ್ಟ ಧನ್ಯವಾದ ಹೇಳು," ಎಂದರು. ಗಿರಣಿ ಸಾಹುಕಾರ, ಅವನ ಮಗ, ಅವನ ಅಳಿಯ. ನನ್ನ ಒಂದು ಮಗ್ಗಿಯನ್ನೂ ಕಾಣದ ಮೂವರು! ಚಿಗವ್ವನ ಹೆಸರಿರಲಿಲ್ಲ. ನಾನು ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಓದಿದೆ.

ಸಭೆಯ ಹಿಂದೆ ನಿಂತಿದ್ದ ಚಿಗವ್ವ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಪಕ್ಕದವರಿಗೆ ಹೇಳಿದಳು: "ನೋಡ್ರಿ, ನಮ್ಮ ಹುಡುಗಿ ಎಷ್ಟು ಚಂದ ಓದಿದ್ಲು!"