ಗಾಲಿಯ ಹಿಂದಿನ ಕಲ್ಲು

ಬ್ರೇಕ್ ಆಯಿಲ್ ವಾಸನೆ ಬಂದರೆ ಇವತ್ತಿಗೂ ನನ್ನ ಕಣ್ಣು ಗಾಲಿಯ ಹಿಂದೆ ಕಲ್ಲು ಹುಡುಕುತ್ತದೆ.

ಗೂಗಲ್ ಎಂಬ ಊರಿನ ಹೊಳೆದಂಡೆಯ ಇಳಿಜಾರಿನಲ್ಲಿ ಅಪ್ಪ ಕಲ್ಲಿಡದೆ ನಿಲ್ಲಿಸಿದ್ದ ಫೋರ್‌ವ್ಹೀಲ್ ಜೀಪು ಹಿಂದಕ್ಕೆ ಜಾರಿ ಅವ್ವನ ಪಾದದ ಮೇಲೆ ಹರಿದಿತ್ತು. ಅವಳು ಮತ್ತೆ ನಡೆಯತೊಡಗಿದಾಗ ಅಪ್ಪ ರಾಯಚೂರಿನಿಂದ ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್ ತಂದು, ಮಧ್ಯಾಹ್ನವಿಡೀ ಜೀಪಿನಡಿ ಮಲಗಿ ತಾನೇ ಕೂಡಿಸಿದ. ಅಂಗಿಯೆಲ್ಲ ಬ್ರೇಕ್ ಆಯಿಲ್ ಜಿಡ್ಡು. ಲಿವರ್ ಎಳೆದು, ನನ್ನ ಜೊತೆ ತಾನೂ ನಿಂತು ಜೀಪು ತಳ್ಳಿದ. ಅದು ಅಲುಗಲಿಲ್ಲ.

"ಅವ್ವಗ ಹೇಳು, ಇನ್ಮ್ಯಾಲ ಜಾರಂಗಿಲ್ಲ ಅಂತ. ಗಾಲಿ ಕೆಳಗ ಇಡಾಕ ನಿಂಬಿಹಣ್ಣು ಇಸ್ಕೊಂಡು ಬಾ" ಅಂದ.

ಅವ್ವ ತಾನೇ ಬಂದಳು, ಕಾಲೆಳೆಯುತ್ತಾ. ಕೈಯಲ್ಲಿ ನಿಂಬೆಹಣ್ಣು, ಕಂಕುಳಲ್ಲಿ ಕಲ್ಲು.

"ಹಣ್ಣು ಆಮ್ಯಾಲ. ಮೊದ್ಲ ಇದನ್ನ ಇಡ್ರಿ" ಅಂದಳು.

ಕಲ್ಲನ್ನು ಗಾಲಿಯ ಹಿಂದೆ ಇಟ್ಟ ಅಪ್ಪ ಬಹಳ ಹೊತ್ತು ಮೇಲೇಳಲಿಲ್ಲ. ಅವ್ವನ ಪಾದ ಅವನ ಕಣ್ಣೆದುರಿಗೇ ಇತ್ತು.