ಅತ್ತೆಯ ನೀಲಗಿರಿ ಎಣ್ಣೆ

ಫಕ್ರೋದ್ದೀನ ಹಿತ್ತಲ ಬಾಗಿಲಿನಿಂದ ನುಗ್ಗಿದಾಗ ರುಕ್ಮಿಣಿಬಾಯಿಗೆ ಅವನ ಮುಖಕ್ಕಿಂತ ಮೊದಲು ಮೈಯ ವಾಸನೆಯೇ ತಿಳಿಯಿತು. ಭಾತಂಬ್ರಾದ ಹೊರಗೆ ತನ್ನ ಬದುವಿನ ನೀಲಗಿರಿ ಎಲೆಗಳನ್ನು ಹಂಡೆಯಲ್ಲಿ ಬೇಯಿಸಿ, ಆವಿಯನ್ನು ತಣ್ಣೀರಲ್ಲಿ ಮುಳುಗಿಸಿದ ಕೊಳವೆಗಿಳಿಸಿ ಎಣ್ಣೆ ತೆಗೆಯುವವನು ಅವನು. ಆ ಘಾಟು ಅವನ ಬಟ್ಟೆ, ಕೂದಲಿಗೆಲ್ಲ ಇಳಿದಿತ್ತು.

“ಅಕ್ಕಾ, ಹಂಡೆ ಒಡದ್ರು, ಗಿಡಕ್ಕ ಬೆಂಕಿ ಹಚ್ಚಿದ್ರು. ನನ್ನ ಹುಡುಕಲಾಕತ್ತಾರ್ರಿ.”

ನಿಜಾಮನ ಸೈನ್ಯ ಶರಣಾಗಿ ವಾರವಾಗಿತ್ತು. ಬೇಸಿಗೆಯಲ್ಲಿ ನಿಜಾಮನ ಪರದ ರಜಾಕಾರರು ಊರಿನ ಬಕ್ಕಪ್ಪನ ತಮ್ಮನನ್ನು ಕೊಂದಿದ್ದರು. ಈಗ ಬಕ್ಕಪ್ಪ ಕೊಡಲಿ ಹಿಡಿದು ಮುಸಲ್ಮಾನರನ್ನು ಹುಡುಕುತ್ತ ಓಣಿ ಓಣಿ ತಿರುಗುತ್ತಿದ್ದ. ಫಕ್ರೋದ್ದೀನ ಎಲೆ ಬೇಯಿಸಿದ್ದು ಬಿಟ್ಟರೆ ಯಾರ ತಂಟೆಗೂ ಹೋದವನಲ್ಲವೆಂದು ಊರಿಗೇ ಗೊತ್ತು. ಆದರೆ ಅದನ್ನು ಕೇಳುವ ಕಿವಿ ಆ ವಾರ ಯಾರಿಗೂ ಇರಲಿಲ್ಲ.

ರುಕ್ಮಿಣಿಬಾಯಿ ಅವನನ್ನು ಜೋಳದ ಚೀಲಗಳ ಹಿಂದೆ ಕೂರಿಸಿದಳು. ಘಾಟು ಮಾತ್ರ ಮನೆ ತುಂಬ ನಿಂತಿತು. ಅಂಗಳದಲ್ಲಿ ಹೆಜ್ಜೆ ಸಪ್ಪಳ. ಗೂಡಿನಲ್ಲಿ ಅತ್ತೆ ಸುಂದರಬಾಯಿಗೆಂದು ಅವನೇ ಕೊಟ್ಟಿದ್ದ ಎಣ್ಣೆಯ ಶೀಸೆಯಿತ್ತು. ಚಳಿಗೆ ದಮ್ಮು ಏರಿದಾಗ ಬಿಸಿನೀರಿಗೆ ಅದರ ನಾಲ್ಕು ಹನಿ ಬಿದ್ದರೆ ಮುದುಕಿಯ ಎದೆ ಬಿಚ್ಚುತ್ತಿತ್ತು. ರುಕ್ಮಿಣಿಬಾಯಿ ಅದನ್ನೆತ್ತಿ ಹೊಸ್ತಿಲ ಒಳಗೆ ನೆಲಕ್ಕೆ ಬಿಟ್ಟಳು.

“ಏನ್ ಘಾಟರಿ ಅಕ್ಕಾ ಇದು?” ಬಕ್ಕಪ್ಪ ಕಣ್ಣೊರೆಸಿಕೊಂಡ.

“ಅತ್ತಿ ಎಣ್ಣಿ ಶೀಶಿ ಬಿತ್ತೋ ತಮ್ಮಾ. ನೋಡಿ ಕಾಲಿಡು, ಗಾಜ ಅದ.”

ಬರಿಗಾಲಲ್ಲಿದ್ದ ಬಕ್ಕಪ್ಪ ಹೊಸ್ತಿಲು ದಾಟಲಿಲ್ಲ.

ಸಂಜೆಯ ಮಬ್ಬಿನಲ್ಲಿ ಫಕ್ರೋದ್ದೀನ, ತೀರಿಹೋದ ಅವಳ ಗಂಡನ ಧೋತರ ಉಟ್ಟು ಬೀದರದ ಹಾದಿ ಹಿಡಿದ. ಶೀಸೆಯನ್ನು ಬೆಕ್ಕು ಕೆಡವಿತೆಂದು ಅವಳು ಅತ್ತೆಗೆ ಹೇಳಿದಳು.

ಚಳಿ ಬಂತು, ದಮ್ಮೂ ಬಂತು. ಸುಟ್ಟ ಗಿಡದ ಬುಡದಲ್ಲಿ ಚಿಗುರಿದ್ದ ಎಲೆಗಳನ್ನು ತಂದು ಗಡಿಗೆಯಲ್ಲಿ ಕುದಿಸಿದಳು. ವಾಸನೆಯೇನೋ ಎದ್ದಿತು, ಆದರೆ ಫಕ್ರೋದ್ದೀನ ಕೊಳವೆಯಲ್ಲಿ ಹಿಡಿಯುತ್ತಿದ್ದ ಸಾರವೆಲ್ಲ ಹೊಗೆಗಿಂಡಿಯಿಂದ ಹಾರಿಹೋಯಿತು. ಎದೆ ಬಿಚ್ಚಲಿಲ್ಲ.

“ಶೀಶಿ ಬೆಕ್ಕ ಕೆಡವಿಲ್ಲ. ಅವತ್ತ ಒಳಗಿಂದ ಎಲ್ಲಾ ಕೇಳೀನಿ,” ಉಸಿರಿನ ನಡುವೆ ಮುದುಕಿ ಎಂದಳು.

“ತಪ್ಪಾತ್ರಿ ಅತ್ತಿ.”

“ತಪ್ಪ ಅಂತ ಯಾರಂದ್ರು? ಅಂವಾ... ಬೀದರ ಮುಟ್ಟಿದನೇನ?”

ಹಾದಿ ಬದಿಯ ಬಾವಿಯಲ್ಲಿ ಫಕ್ರೋದ್ದೀನನ ಹೆಣ ಸಿಕ್ಕ ಸುದ್ದಿ ರುಕ್ಮಿಣಿಬಾಯಿ ಆಗಲೇ ಕೇಳಿದ್ದಳು. ಅತ್ತೆಯ ಎದೆ ನೀವುತ್ತಲೇ ಹೇಳಿದಳು: “ಮುಟ್ಟಿದನ್ರಿ. ಎಣ್ಣಿ ಕಳಸ್ತೀನಿ ಅಂದಾನ.”

ಮುದುಕಿ ಕಷ್ಟಪಟ್ಟು ಹೊರಳಿ, ಬಾಗಿಲು ಕಾಣುವ ಹಾಗೆ ಮಲಗಿದಳು.