ಹೊಸತೊಡಕಿನ ಪಾಲು

ಯುಗಾದಿಯ ಮರುದಿನ, ಹೊಸತೊಡಕಿನ ಬೆಳಿಗ್ಗೆ ಮಟನ್ ಅಂಗಡಿಯ ಮುಂದಿನ ಸಾಲು ನಿಂತಿರಲಿಲ್ಲ, ಮೈ ಬಿಸಿ ಮಾಡಿಕೊಳ್ಳಲು ನಿಂತಲ್ಲೇ ಓಡುತ್ತಿತ್ತು. ಮಾಂಸ ತೂಗುವ ಮೊದಲು ಗಿರಾಕಿಯ ಎದೆ ತೂಗುವುದು ಈಗ ಮಂಡ್ಯದಲ್ಲೂ ವಾಡಿಕೆ. ಅಂಗಡಿಯ ಟ್ರೆಡ್‌ಮಿಲ್ ಹತ್ತಿ ಓಡಬೇಕು. ಮೈ ಎಷ್ಟು ಗಟ್ಟಿಯೋ ಅಷ್ಟು ಮಾಂಸ. ಒಬ್ಬರ ಪಾಲನ್ನು ಇನ್ನೊಬ್ಬರು ಬಾಯಿಗಿಟ್ಟರೆ ಮನೆಯ ತಟ್ಟೆಯೇ ಬೀಪ್ ಬೀಪ್ ಎಂದು ಕೂಗಿಕೊಳ್ಳುತ್ತದೆ.

ಬೆಟ್ಟಸ್ವಾಮಿ ಒಂದು ಕಾಲದ ಗರಡಿ ಪೈಲ್ವಾನ. ಈಗ ಅವನಿಗಿಂತ ಮೊದಲು ಅವನ ಹೊಟ್ಟೆ ನಡೆಯುತ್ತಿತ್ತು. ಸಾಲಿನಲ್ಲಿ ಪಂಚೆ ಎತ್ತಿ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಸರದಿ ಬಂದಾಗ ಹತ್ತಿ, ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ ಏದುಸಿರು ಬಿಟ್ಟ. ಕೆಂಪು ದೀಪ ಹತ್ತಿತು.

“ಈ ಎದೆಗೆ ದಕ್ಕಾಕಿಲ್ಲ ಕಣಣ್ಣೋ. ಕಾಳು ಸಾರು ಉಣ್ಣು,” ಎಂದ ಅಂಗಡಿಯ ಕೆಂಚ.

“ಹಬ್ಬದ ದಿನ ಕಾಳು ಸಾರಾ?” ಬೆಟ್ಟಸ್ವಾಮಿ ಸಿಡುಕಿ, ಚೀಲ ಹಿಡಿದು ನಿಂತಿದ್ದ ಹೆಂಡತಿಯ ಕಡೆ ತಿರುಗಿದ. “ನೀನಾರ ಹತ್ತೇ.”

ದೇವೀರಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ದಿನವೂ ಹುಲ್ಲಿನ ಹೊರೆ ಹೊತ್ತು ಕೆರೆ ಏರಿ ಹತ್ತಿಳಿಯುವ ಕಾಲು. ಉಸಿರು ಒಂದಿಷ್ಟೂ ಏರಲಿಲ್ಲ. ಹಸಿರು ದೀಪ, ಪೂರ್ತಿ ಅರ್ಧ ಕೆಜಿ.

“ಯಾವ ತುಂಡು ಹಾಕ್ಲಕ್ಕ?”

“ತೊಡೆ ಹಾಕ್ಲಾ, ನಲ್ಲಿ ಮೂಳೆ ಸಮೇತ,” ಎಂದ ಬೆಟ್ಟಸ್ವಾಮಿ ಅಭ್ಯಾಸಬಲದಿಂದ.

“ನಿನ್ನ ಕೇಳ್ನಿಲ್ಲ ಕಣಣ್ಣ. ಉಣ್ಣೋರ್ನ ಕೇಳ್ದೆ.”

ಮದುವೆಯಾದಂದಿನಿಂದ ಎಲ್ಲರಿಗೂ ಬಡಿಸಿ, ತಳದ ಸಾರಿನಲ್ಲಿ ಮುದ್ದೆ ಮುಗಿಸುತ್ತ ಬಂದ ದೇವೀರಮ್ಮ, ಕೊಕ್ಕೆಯಲ್ಲಿ ತೂಗುತ್ತಿದ್ದ ಕುರಿಯನ್ನೇ ಒಂದು ಗಳಿಗೆ ನೋಡಿದಳು.

“ಅವ್ರು ಹೇಳಿದ್ದೇ ಹಾಕಪ್ಪಾ. ಯಾವ ತುಂಡು ರುಚಿ ಅಂತ ನಂಗೇನ್ ಗೊತ್ತು? ತಿಂದಿರೋರು ಅವ್ರೇ ಅಲ್ವಾ.”